ಕಮಾನಿನ ಕೆಳಗೆ ನಿಲ್ಲುವವರು

ಸೂಲಿಬೆಲೆ ರಸ್ತೆ

ಹೊಸಕೋಟೆಯಿಂದ ಸೂಲಿಬೆಲೆ ಕಡೆಗೆ ಬಸ್ಸಿನಲ್ಲಿ ಬಂದವರು ನನ್ನ ಕೆಲಸವನ್ನು ನೋಡಿಯೇ ಇರುತ್ತೀರಿ. ಎಡಕ್ಕೂ ಬಲಕ್ಕೂ, ಒಂದೊಂದು ಊರಿನ ತಿರುವಿನಲ್ಲೂ ಒಂದೊಂದು ಕಮಾನು. ಎರಡು ಕಂಬ, ಮೇಲೊಂದು ಬಿಲ್ಲು, ಬಿಲ್ಲಿನ ನೆತ್ತಿಯಲ್ಲಿ ದೇವರು, ದೇವರ ಕೆಳಗೆ ಊರಿನ ಹೆಸರು, ಅದಕ್ಕಿಂತ ದಪ್ಪ ಅಕ್ಷರದಲ್ಲಿ ಕಟ್ಟಿಸಿದವರ ಹೆಸರು. ಇವುಗಳಲ್ಲಿ ಅರ್ಧಕ್ಕರ್ಧ ಈ ಆಂಜಿನಪ್ಪನವು. ನಾನು ಸೆಂಟ್ರಿಂಗ್ ಗುತ್ತಿಗೆದಾರ. ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಹಲಗೆ, ಸರ್ವೆ ಕಂಬ, ಜಾಕಿಗಳ ಕೆಲಸ ನನ್ನದು. ಬೂದಿಗೆರೆ ಕಡೆಯ ಲೇಔಟಿನವರು ಗೇಟಿಗೆ 'ರೋಮನ್ ಕಮಾನು' ಬೇಕು ಅನ್ನುತ್ತಾರೆ. ಅದನ್ನೂ ಕಟ್ಟಿಕೊಟ್ಟಿದ್ದೇನೆ. ಒಳಗೆ ಕಬ್ಬಿಣದ ಸರಳು, ಹೊರಗೆ ಕಲ್ಲಿನ ಬಣ್ಣ. ಬೆರಳಿನಿಂದ ತಟ್ಟಿದರೆ ಡಬಡಬ ಅನ್ನುತ್ತದೆ, ಆದರೆ ಯಾರೂ ತಟ್ಟಿ ನೋಡುವುದಿಲ್ಲ.

ದೀಪದ ಬುಡದಲ್ಲೇ ಕತ್ತಲೆ ಎನ್ನುವ ಹಾಗೆ, ಇಷ್ಟು ಊರಿಗೆ ಕಮಾನು ಎತ್ತಿದವನ ಸ್ವಂತ ಊರಿಗೇ ಕಮಾನಿರಲಿಲ್ಲ. ಈ ವರ್ಷ ಊರವರೆಲ್ಲ ಅರಳಿಕಟ್ಟೆಯಲ್ಲಿ ಕೂತು ತೀರ್ಮಾನ ಮಾಡಿದರು. ಊರಿನ ಹಿರಿಯರಾದ ಮುನಿಶಾಮಣ್ಣ ನನ್ನನ್ನು ಕರೆದು, "ಆಂಜಿನಪ್ಪ, ಬೇರೆಯೋರ್ಗೆಲ್ಲ ಕಟ್ಕೊಟ್ಟಿದ್ದೀಯ, ನಮ್ಗೂ ಒಂದು ಜಬರ್ದಸ್ತಾಗಿ ಎತ್ಬಿಡಪ್ಪಾ" ಎಂದರು. ನಾನು ಕಬ್ಬಿಣದ ಲೆಕ್ಕಕ್ಕೆ ಕೂತ ದಿನವೇ ಸ್ಪೇನಿನಿಂದ ಮಗಳ ಫೋನು ಬಂತು.

ಪವಿತ್ರ ನಮ್ಮ ಒಬ್ಬಳೇ ಮಗಳು. ಸಿವಿಲ್ ಓದಿ, ದೇವನಹಳ್ಳಿ ಕಡೆಯ ಸೈಟುಗಳಲ್ಲಿ ದುಡಿದು, ಆಮೇಲೆ ಕಲ್ಲಿನ ಕಟ್ಟಡ ಕಲಿಯುತ್ತೇನೆಂದು ಹಟ ಹಿಡಿದು ಹೋದವಳು. ಕಲ್ಲು ಕೆತ್ತುವುದಕ್ಕೂ ವಿಮಾನ ಹತ್ತಬೇಕಾ ಎಂದು ನೆಂಟರು ನಕ್ಕಿದ್ದರು. ನಿಜ ಹೇಳಬೇಕೆಂದರೆ ನಾನೂ ನಕ್ಕಿದ್ದೆ.

"ಅಪ್ಪಾ, ನಮ್ಮೂರ್ ಕಮಾನು ನಾನು ಕಟ್ತೀನಿ" ಎಂದಳು. "ಬರೀ ಕಲ್ಲಲ್ಲಿ. ಕಬ್ಬಿಣ ಬೇಡ, ಸಿಮೆಂಟೂ ಬೇಡ."

"ಕಬ್ಬಿಣ ಇಲ್ದೆ ಕಮಾನು ನಿಲ್ತದೇನೇ? ಕೆಳಗೆ ಸ್ಕೂಲ್ ಬಸ್ ಹೋಗ್ಬೇಕು, ಹುಲ್ಲು ಹೇರಿದ್ ಟ್ರ್ಯಾಕ್ಟರ್ ಹೋಗ್ಬೇಕು. ಬಿದ್ರೆ ಯಾರು ಹೊಣೆ?"

"ಎರಡ್ ಸಾವಿರ ವರ್ಷದಿಂದ ಹಂಗೇ ನಿಂತಿರೋದು ಇಲ್ಲಿದೆ. ಬಂದು ನೋಡು. ನೋಡಿದ್ಮೇಲೂ ಬೇಡ ಅಂದ್ರೆ ನಾನು ತುಟಿ ಬಿಚ್ಚಲ್ಲ."

ಮುನಿಶಾಮಣ್ಣನಿಗೆ ವಿಷಯ ತಿಳಿಸಿದೆ. ಅವರು ತಲೆ ಕೆರೆದುಕೊಂಡು, "ಹೋಗ್ಬಿಟ್ಟು ಬಾರಪ್ಪ. ಆದ್ರೆ ಅಲ್ಲಿಂದ್ಲೇ ಒಂದು ಮಾತು ಹೇಳ್ಬಿಡು. ನೀನು ಕಬ್ಬಿಣ ಅಂದ್ರೆ ಕಬ್ಬಿಣ, ಕಲ್ಲು ಅಂದ್ರೆ ಕಲ್ಲು. ನಂಬೋದು ನಿನ್ನ" ಎಂದರು. ನನ್ನ ಹೆಂಡತಿ ಜಯಮ್ಮನಿಗೆ ಕಲ್ಲೂ ಬೇಡ, ಕಬ್ಬಿಣವೂ ಬೇಡ, ಮಗಳ ಮುಖ ನೋಡಿದರೆ ಸಾಕಾಗಿತ್ತು. ನಾನು ಮಾತ್ರ 'ಬೇಡ' ಎನ್ನುವ ಮಾತನ್ನು ಗಟ್ಟಿ ಮಾಡಿಕೊಂಡೇ ವಿಮಾನ ಹತ್ತಿದೆ.

ಸೆಗೋವಿಯಾ

ವಿಮಾನ ನಿಲ್ದಾಣಕ್ಕೆ ಬಂದಿದ್ದ ಮಗಳ ಜೊತೆ ನಾನೂ ಜಯಮ್ಮನೂ ಸೆಗೋವಿಯಾ ಊರಿಗೆ ತಲುಪಿದಾಗ ಸಂಜೆ. ಹೊಟ್ಟೆ ಹಸಿದು ಹೋಟೆಲಿಗೆ ನುಗ್ಗಿದರೆ, ಒಲೆ ಆರಿದೆ, ರಾತ್ರಿ ಒಂಬತ್ತಕ್ಕೆ ಬನ್ನಿ ಎಂದರು. ಪಕ್ಕದ ಹೋಟೆಲಿನಲ್ಲೂ ಅದೇ ಉತ್ತರ. ಈ ದೇಶದವರು ಮಧ್ಯಾಹ್ನದ ಊಟವನ್ನು ಸಾಯಂಕಾಲದವರೆಗೆ ಎಳೆದು, ರಾತ್ರಿಯ ಊಟವನ್ನು ನಡುರಾತ್ರಿಯ ತನಕ ಎಳೆಯುತ್ತಾರೆ.

"ಒಂಬತ್ತಕ್ಕೆ ನಮ್ಮೂರಲ್ಲಿ ಒಂದ್ ನಿದ್ದೆ ಮುಗ್ದಿರ್ತದೆ" ಎಂದು ಗೊಣಗುತ್ತಾ ಜಯಮ್ಮ ಚೀಲದಿಂದ ನಿಪ್ಪಟ್ಟಿನ ಪೊಟ್ಟಣ ತೆಗೆದಳು. ಎಲ್ಲಾದರೂ ಕೂತು ತಿನ್ನೋಣ ಎಂದು ಚೌಕಕ್ಕೆ ಬಂದೆವು. ತಲೆ ಎತ್ತಿದವನು ಕೈಯಲ್ಲಿದ್ದ ನಿಪ್ಪಟ್ಟನ್ನು ಬಾಯಿಗಿಡುವುದನ್ನೇ ಮರೆತೆ.

ಊರಿನ ಈ ಗುಡ್ಡದಿಂದ ಆ ಗುಡ್ಡಕ್ಕೆ ಕಮಾನಿನ ಸಾಲು. ಸಾಲಿನ ಮೇಲೆ ಇನ್ನೊಂದು ಸಾಲು. ಕೆಳಗೆ ಅಂಗಡಿ, ಬಸ್ಸು, ಮಕ್ಕಳು, ನಾಯಿ ಹಿಡಿದು ಓಡಾಡುವ ಮುದುಕರು. ಬೆಟ್ಟದಿಂದ ಊರಿಗೆ ನೀರು ತರಲು ರೋಮನ್ನರು ಕಟ್ಟಿದ ಕಾಲುವೆಯಂತೆ ಇದು. ನಮ್ಮಲ್ಲಿ ಕೆರೆಯ ತೂಬಿನಿಂದ ಕಾಲುವೆ ನೆಲ ಹಿಡಿದು ತೆವಳಿಕೊಂಡು ಹೋಗುತ್ತದೆ. ಇವರು ಕಾಲುವೆಯನ್ನು ಆಕಾಶಕ್ಕೆ ಎತ್ತಿಬಿಟ್ಟಿದ್ದಾರೆ. ನೀರು ಯಾವ ಹೊತ್ತಿಗೆ ಬಿಡುತ್ತಾರೆ ಎಂದು ಮಗಳನ್ನು ಕೇಳಿದೆ. ಈಗ ನೀರು ಬಿಡುವುದಿಲ್ಲ, ಹಾಗೇ ಇಟ್ಟುಕೊಂಡಿದ್ದಾರೆ ಎಂದಳು.

ಕಲ್ಲು ನಮ್ಮ ಕಡೆಯ ಹಾಗೆಯೇ ಬೂದು ಬಣ್ಣದ ಗಟ್ಟಿ ಕಲ್ಲು. ಹತ್ತಿರ ಹೋಗಿ ಸಂದಿಯಲ್ಲಿ ಉಗುರು ತೂರಿಸಿದೆ. ಗಾರೆಯಿಲ್ಲ, ಸುಣ್ಣವಿಲ್ಲ, ಏನೂ ಇಲ್ಲ. ನನಗೆ ಹೊಟ್ಟೆ ಉರಿಯಿತು. ಒಬ್ಬ ಗುತ್ತಿಗೆದಾರನಿಗೆ ಇನ್ನೊಬ್ಬನ ಕೆಲಸ ನೋಡಿದಾಗ ಉರಿಯುವ ಹಾಗೆಯೇ ಉರಿಯಿತು. ಅವನು ಸತ್ತು ಎಷ್ಟೋ ಕಾಲವಾಗಿದೆ ಎನ್ನುವುದೂ ಸಮಾಧಾನ ಕೊಡಲಿಲ್ಲ.

"ಇದ್ಯಾಕ್ ಬೀಳಲ್ಲ ಹೇಳು" ಎಂದು ಮಗಳನ್ನೇ ಕೇಳಿದೆ.

"ಎಲ್ಲಾ ಕಲ್ಲೂ ಬೀಳೋಕೇ ನೋಡ್ತಿವೆ ಅಪ್ಪ. ಆದ್ರೆ ಒಂದು ಬೀಳ್ಬೇಕು ಅಂದ್ರೆ ಪಕ್ಕದ್ದು ಜಾಗ ಬಿಡ್ಬೇಕು. ಅದೂ ಬೀಳೋಕೆ ನೋಡ್ತಿರೋದ್ರಿಂದ ಜಾಗ ಬಿಡಲ್ಲ. ಹಂಗೇ ಸಿಕ್ಕಾಕ್ಕೊಂಡು ನಿಂತಿವೆ."

"ನಮ್ ಪಂಚಾಯ್ತಿ ಮೆಂಬರ್‌ಗಳ್ ಥರ ಅನ್ನು" ಎಂದೆ. ಆದರೆ ಮಾತು ಒಳಗೆ ಇಳಿಯಿತು. ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಎಂದು ನಮ್ಮಲ್ಲಿ ಹೇಳುತ್ತಾರೆ. ಬದುಕಿನಲ್ಲಿ ಅದು ನಿಜವೇ. ಆದರೆ ಈ ಬಗ್ಗಿದ ಕಲ್ಲುಗಳಿಗೆ ಮೇಲಿನಿಂದ ಗುದ್ದು ಬಿದ್ದಷ್ಟೂ ಬಲ ಬರುತ್ತದಂತೆ. ಇಷ್ಟು ವರ್ಷ ನಾನು ಕಟ್ಟಿದ ಕಮಾನುಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಒಳಗಿನ ಕಬ್ಬಿಣ. ಬಿಲ್ಲಿನ ಆಕಾರ ಬರೀ ಚಂದಕ್ಕೆ ಇತ್ತು.

ನಡುವೆ ಒಂದು ಕಡೆ ಪಟ್ಟಿಯಂತೆ ಕಲ್ಲು ಕಟ್ಟಿದ್ದರು, ಅದರ ತುಂಬ ಸಣ್ಣ ಸಣ್ಣ ತೂತುಗಳಿದ್ದವು. ಕಟ್ಟಿಸಿದವರ ಹೆಸರನ್ನು ಲೋಹದ ಅಕ್ಷರದಲ್ಲಿ ಬರೆದು ಮೊಳೆ ಹೊಡೆದಿದ್ದರಂತೆ. ಅಕ್ಷರಗಳು ಎಂದೋ ಹೋಗಿ, ತೂತು ಮಾತ್ರ ಉಳಿದಿವೆ. ಹೆಸರಿಲ್ಲದ ಮೇಲೆ ಯಾರ ಕಮಾನಿದು ಎಂದು ಜಯಮ್ಮ ಕೇಳಿದಳು. ಊರಿನದು ಎಂದಳು ಮಗಳು. ನಮ್ಮೂರವರಿಗೆ ಕಳಿಸೋಣ ಎಂದು ಆ ತೂತುಗಳದ್ದೊಂದು ಫೋಟೊ ಹೊಡೆದುಕೊಂಡೆ.

"ಈಗೇನಂತೀಯಪ್ಪ?" ಎಂದು ಪವಿತ್ರ ಕೇಳಿದಳು.

"ಚೆನ್ನಾಗೈತೆ. ಆದ್ರೆ ಅವ್ರು ರಾಜರು ಕಣಮ್ಮ. ಸಾವಿರಾರು ಆಳುಗಳಿದ್ರು. ನಮ್ಮೂರಲ್ಲಿ ಆಳೇ ಸಿಗಲ್ಲ" ಎಂದು ತಪ್ಪಿಸಿಕೊಂಡೆ. ಅವಳು ನಕ್ಕಳು.

ಕಾರ್ಡೋಬಾ

ದಕ್ಷಿಣಕ್ಕೆ ರೈಲು ಹತ್ತಿ ಕಾರ್ಡೋಬಾಕ್ಕೆ ಬಂದೆವು. ಇಲ್ಲಿ ಮಸೀದಿಯಾಗಿ ಕಟ್ಟಿ, ಮುಂದೆ ಚರ್ಚಾದ ಒಂದು ದೊಡ್ಡ ಕಟ್ಟಡವಿದೆ. ಹೊರಗೆ ಕಿತ್ತಳೆ ಮರಗಳ ಅಂಗಳ, ಒಳಗೆ ಎತ್ತ ನೋಡಿದರೂ ಕಂಬ. ಕಂಬಗಳ ಮೇಲೆ ಕೆಂಪು ಬಿಳಿ ಪಟ್ಟೆಯ ಕಮಾನು, ಅದರ ಮೇಲೆ ಮತ್ತೊಂದು ಕಮಾನು. ಒಂದು ಸಾಲು ದಾಟಿದರೆ ಅಂಥದೇ ಇನ್ನೊಂದು ಸಾಲು. ಜಯಮ್ಮ ಎರಡು ಸಲ ಕಳೆದುಹೋಗಿ, ಎರಡು ಸಲವೂ ನಾವೇ ಕಳೆದುಹೋಗಿದ್ದೆವೆಂದು ಬೈದಳು.

ಕಮಾನಿನ ಮೇಲೆ ಕಮಾನು ಯಾಕೆ ಎಂದು ನೋಡುತ್ತಾ ನಿಂತೆ. ಕಂಬಗಳು ಒಂದೊಂದು ಬಣ್ಣ, ಒಂದೊಂದು ದಪ್ಪ. ಹಳೆಯ ಕಟ್ಟಡಗಳಿಂದ ಬಿಚ್ಚಿ ತಂದವಂತೆ. ಗಿಡ್ಡವಾದವು. ಛಾವಣಿ ಎತ್ತರ ಬೇಕು, ಕಂಬ ಗಿಡ್ಡ. ಹಾಗಾಗಿ ಕಮಾನಿನ ಮೇಲೆ ಇನ್ನೊಂದು ಕಮಾನು ಎತ್ತಿ ಎತ್ತರ ಹೊಂದಿಸಿದ್ದಾರೆ. ನನಗೆ ಖುಷಿಯಾಯಿತು. ಇದು ನಮ್ಮ ಕಸುಬಿನವರ ಬುದ್ಧಿ. ಇದ್ದ ಸಾಮಾನಿನಲ್ಲೇ ಹೊಂದಿಸು, ಮಾಲೀಕನಿಗೆ ಮಾತ್ರ ಇದು ಬೇಕೆಂದೇ ಮಾಡಿದ್ದು ಎಂದು ಹೇಳು.

ಇಲ್ಲೇ ನನ್ನ ಕೈ ಸುಮ್ಮನಿರದೆ ಯಡವಟ್ಟಾಯಿತು. ಯಾವ ಕಟ್ಟಡಕ್ಕೆ ಹೋದರೂ ಕಂಬ, ಗೋಡೆ ತಟ್ಟಿ ಸದ್ದು ಕೇಳುವುದು ನನ್ನ ಅಭ್ಯಾಸ. ಬೀಗರ ಮನೆಯ ಹಾಲಿನಲ್ಲೂ ತಟ್ಟಿ ಬೈಸಿಕೊಂಡವನು ನಾನು. ಒಂದು ಕರಿ ಕಂಬಕ್ಕೆ ಬೆರಳ ಗೆಣ್ಣಿನಿಂದ ಠಕ್ ಠಕ್ ಎನಿಸಿ ಕಿವಿ ಇಟ್ಟಿದ್ದೆ. ಕಾವಲಿನವನು ಓಡಿ ಬಂದು ತೋರುಬೆರಳು ಅಲ್ಲಾಡಿಸಿದ. ಮಗಳು ಅವರ ಭಾಷೆಯಲ್ಲಿ ಏನೋ ಸಮಾಧಾನ ಹೇಳಿದಳು. ಅಷ್ಟರಲ್ಲಿ ಜಯಮ್ಮ ಕನ್ನಡದಲ್ಲೇ, "ಅವ್ರೇನ್ ಒಡೆದಾಕ್ತಾರೇನಪ್ಪಾ, ನೋಡ್ದ್ರಷ್ಟೇ!" ಎಂದು ಅವನಿಗೆ ದಬಾಯಿಸಿದಳು. ಅವನಿಗೆ ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ಬೈಯಲಿಲ್ಲ, ಆದರೆ ನಾವು ಹೊರಗೆ ಹೋಗುವ ತನಕ ನನ್ನ ಕೈಯನ್ನೇ ನೋಡುತ್ತಾ ಹಿಂದೆ ಬಂದ.

ತುದಿಯಲ್ಲಿ ಬಂಗಾರದ ಬಣ್ಣದ ಒಂದು ಕಮಾನಿದೆ. ಕುದುರೆಯ ಲಾಳದ ಹಾಗೆ ಬುಡದಲ್ಲಿ ಒಳಕ್ಕೆ ಬಾಗಿದ್ದು. ಅದರ ಒಳಗೆ ಖಾಲಿ ಗೂಡು. ಜಯಮ್ಮ ಬಗ್ಗಿ ನೋಡಿ, "ಪ್ರಭಾವಳಿ ಐತೆ, ದೇವ್ರೇ ಇಲ್ವಲ್ಲ" ಎಂದಳು.

"ಮಸೀದಿಲಿ ಅದು ಪ್ರಾರ್ಥನೆಗೆ ದಿಕ್ಕು ತೋರ್ಸೋದಮ್ಮ. ಅಲ್ಲಿ ಏನೂ ಇಡಲ್ಲ."

ಜಯಮ್ಮ ಒಂದು ಗಳಿಗೆ ಯೋಚಿಸಿ, ಇರಲಿ ಎಂದು ಆ ಖಾಲಿ ಜಾಗಕ್ಕೇ ಕೈಮುಗಿದಳು. ನನ್ನ ಜೊತೆ ಕಬ್ಬಿಣ ಕಟ್ಟುವ ಹೊಸಕೋಟೆಯ ಬಾಷಾನಿಗೆ ಫೋಟೊ ಕಳಿಸಿದೆ. "ಮೆಹರಾಬು ಗುರುವೇ! ಇದ್ನ ನೋಡೋಕೆ ಪುಣ್ಯ ಬೇಕು" ಎಂದು ತಕ್ಷಣ ಉತ್ತರ ಬಂತು.

ಹೊರಗೆ ಕಿತ್ತಳೆ ಮರದ ನೆರಳಿನಲ್ಲಿ ಕೂತಾಗ, ನಮ್ಮಲ್ಲೂ ಎಷ್ಟು ಥರದ ಕಮಾನುಗಳಿವೆ ಎಂದು ಯೋಚಿಸಿದೆ. ದೇವರ ಬೆನ್ನ ಹಿಂದೆ ಪ್ರಭಾವಳಿ. ಮದುವೆ ಮನೆಯ ಬಾಗಿಲಲ್ಲಿ ಎರಡು ಬಾಳೆಕಂದು ನಿಲ್ಲಿಸಿ ಎಲೆ ಬಾಗಿಸಿದರೆ ಅದೂ ಒಂದು ಕಮಾನು. ಗಣೇಶನ ಹಬ್ಬಕ್ಕೆ ರಸ್ತೆಗಡ್ಡ ಸೀರಿಯಲ್ ಸೆಟ್ಟಿನ ಕಮಾನು. ಮಳೆ ನಿಂತ ಮೇಲೆ ಕೆರೆಯ ಮೇಲೆ ಕಾಮನಬಿಲ್ಲು. ಒಂದಕ್ಕೂ ಕಬ್ಬಿಣವಿಲ್ಲ. ಎಲ್ಲವೂ ಒಳಗೆ ಬನ್ನಿ ಎನ್ನುವುದಕ್ಕೋ, ಇಲ್ಲಿ ತಲೆಬಾಗಿ ಎನ್ನುವುದಕ್ಕೋ ಇರುವವು. ಈ ಯೋಚನೆಯನ್ನು ಮಗಳಿಗೆ ಹೇಳಲಿಲ್ಲ, ಹೇಳಿದ್ದರೆ ಅವಳು ಗೆದ್ದಂತಾಗುತ್ತಿತ್ತು.

ಮಗಳು ಕೆಲಸ ಮಾಡುವ ಹಳ್ಳಿ

ಕೊನೆಗೆ ಪವಿತ್ರ ಇರುವ ಹಳ್ಳಿಗೆ ಹೋದೆವು. ಬಯಲು, ಬಂಡೆ, ಕುರಿ. ದೊಡ್ಡಬಳ್ಳಾಪುರದ ಆಚೆ ಬಂದಂತೆಯೇ ಅನಿಸಿತು. ಎದುರು ಸಿಕ್ಕವರೆಲ್ಲ, ಗುರುತಿರಲಿ ಬಿಡಲಿ, ನಿಂತು ನಮಸ್ಕಾರ ಹೇಳುತ್ತಿದ್ದರು. ಜಯಮ್ಮ ಎಲ್ಲರಿಗೂ "ಚೆನ್ನಾಗಿದ್ದೀವಪ್ಪಾ" ಎಂದೇ ಉತ್ತರಿಸಿದಳು.

ಊರ ಹೊರಗಿನ ಹಳ್ಳಕ್ಕೆ ಹಿಂದೆ ಕಲ್ಲಿನ ಕಿರುಸೇತುವೆಯಿತ್ತು. ಅದು ಕುಸಿದಿತ್ತು. ಅಲ್ಲಿನ ಕಲ್ಲು ಕೆಲಸದ ಶಾಲೆಯವರು ಅದನ್ನು ಮೊದಲಿದ್ದ ಹಾಗೆಯೇ, ಗಾರೆಯಿಲ್ಲದೆ ಒಂದೇ ಕಮಾನಾಗಿ ಮತ್ತೆ ಕಟ್ಟುತ್ತಿದ್ದರು. ಕಮಾನಿನ ಜವಾಬ್ದಾರಿ ಪವಿತ್ರಳದು. ಶಾಲೆಯ ಮುಖ್ಯಸ್ಥೆ ಇನೆಸ್, ಬಿಳಿ ಕೂದಲಿನ ಗಟ್ಟಿ ಹೆಂಗಸು. ನನ್ನನ್ನು ಕಂಡವಳೇ ಭುಜ ಹಿಡಿದು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ನಾನು ಕಲ್ಲಾಗಿ ನಿಂತೆ. ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ಇನ್ನೂ ನಿಂತಿಲ್ಲ.

ನೀರಿಲ್ಲದ ಹಳ್ಳದಲ್ಲಿ ಮರದ ಸೆಂಟ್ರಿಂಗ್ ನಿಂತಿತ್ತು, ಅದರ ಮೇಲೆ ಕಲ್ಲಿನ ಬಿಲ್ಲು. ಸೆಂಟ್ರಿಂಗಿನ ಕಾಲುಗಳ ಕೆಳಗೆ ಜೋಡಿ ಬೆಣೆಗಳು. ಬೆಣೆ ಸಡಿಲಿಸಿದರೆ ಮರ ಕೆಳಗಿಳಿಯುತ್ತದೆ, ಕಲ್ಲು ತಾನಾಗಿ ನಿಲ್ಲಬೇಕು. ಮರದ ಕೆಲಸ ಅಚ್ಚುಕಟ್ಟಾಗಿತ್ತು. ನನ್ನ ಮಗಳಲ್ಲವೇ ಎಂದು ಹೆಮ್ಮೆಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಕ್ಕರೂ ಚಿಂತೆಯಿಲ್ಲ.

"ನಾಳೆ ಬೆಣೆ ತೆಗೀತೀವಿ" ಎಂದಳು. ಆಮೇಲೆ ಸ್ವಲ್ಪ ತಡೆದು, "ಇಲ್ಲೊಂದು ಪದ್ಧತಿ ಇದೆ ಅಪ್ಪ. ಬೆಣೆ ತೆಗೆಯೋವಾಗ ಕಮಾನು ಕಟ್ಟಿದವ್ರು ಅದ್ರ ಕೆಳಗೆ ನಿಂತಿರ್ಬೇಕು" ಎಂದಳು.

"ತಲೆ ಸರಿಯಿಲ್ವೇನೇ ಇವರಿಗೆ? ಸೆಂಟ್ರಿಂಗ್ ಬಿಚ್ಚೋ ದಿನ ನಾನು ನಾಯಿನೂ ಹತ್ರ ಬಿಡಲ್ಲ, ಗೊತ್ತಲ್ಲ ನಿಂಗೆ?"

"ಗೊತ್ತು. ನೀನು ಸರಿಯಾಗಿ ಕಟ್ಟಿದ್ರೂ ಬಿಡಲ್ಲ."

ಅವಳು ಕುಹಕವಾಡಿದ್ದಲ್ಲ, ಇದ್ದದ್ದು ಹೇಳಿದಳು. ನಮ್ಮಲ್ಲಿ ಮೋಲ್ಡಿಂಗ್ ಹಾಕುವ ದಿನ ಮಿಕ್ಸರಿಗೆ ಪೂಜೆ, ಕೆಲಸದವರಿಗೆಲ್ಲ ಬಾಡೂಟ. ಬಿಚ್ಚುವ ದಿನ ಮಾತ್ರ ಸೀಟಿ ಊದಿ ಎಲ್ಲರನ್ನೂ ಓಡಿಸಿ, ನಾನೂ ದೂರ ನಿಂತು ಹುಡುಗರ ಕೈಲಿ ಜಾಕಿ ಬಿಚ್ಚಿಸುತ್ತೇನೆ. ಇಷ್ಟು ಕಮಾನುಗಳಲ್ಲಿ ಒಂದರ ಕೆಳಗಾದರೂ ಆ ಗಳಿಗೆಯಲ್ಲಿ ನಾನು ನಿಂತವನಲ್ಲ. ಜಯಮ್ಮ ಮಗಳ ಕೈ ಹಿಡಿದುಕೊಂಡು ಕೂತಿದ್ದಳು.

ಬೆಣೆ ತೆಗೆದ ದಿನ

ಬೆಳಿಗ್ಗೆ ಊರೇ ಬಂದು ಹಳ್ಳದ ದಂಡೆಯಲ್ಲಿ ನಿಂತಿತ್ತು. ಪವಿತ್ರ ಹೆಲ್ಮೆಟ್ ಹಾಕಿಕೊಂಡು, ಸೆಂಟ್ರಿಂಗಿನ ಕಾಲುಗಳ ನಡುವೆ ಒಬ್ಬರು ನಿಲ್ಲುವಷ್ಟಿದ್ದ ಜಾಗದಲ್ಲಿ ಹೋಗಿ ನಿಂತಳು. ಮೂರು ಸುತ್ತಿನಲ್ಲಿ ಬೆಣೆ ಸಡಿಲಿಸುತ್ತಾರೆಂದು ಮೊದಲೇ ಹೇಳಿದ್ದಳು. ಎರಡು ಕಡೆ ಇಬ್ಬರು ಮರದ ಸುತ್ತಿಗೆ ಹಿಡಿದರು. ಇನೆಸ್ ಕೈ ಎತ್ತಿ ಇಳಿಸಿದಳು.

ಮೊದಲ ಸುತ್ತಿನಲ್ಲೇ ಕಲ್ಲಿನೊಳಗಿಂದ 'ಕಟ್' ಎಂದು ಸದ್ದು ಬಂತು.

ಆ ಸದ್ದು ನನ್ನ ಎದೆಗೇ ಹೊಡೆಯಿತು. ಮುಂದೆ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. "ಲೇ ಪವೀ, ಈಚೆಗ್ ಬಾರೇ!" ಎಂದು ಕೂಗಿ, ಹಗ್ಗ ದಾಟಿ, ಹಳ್ಳಕ್ಕೆ ಧುಮುಕಿದೆ. ಒಂದು ಚಪ್ಪಲಿ ದಂಡೆಯಲ್ಲೇ ಉಳಿಯಿತು. ಮರದ ಕಾಲುಗಳ ನಡುವೆ ನುಗ್ಗಿ ಅವಳ ಮಣಿಕಟ್ಟು ಹಿಡಿದು ಎಳೆದೆ. ಅವಳು ಅಲ್ಲಾಡಲಿಲ್ಲ.

"ಬರಲ್ಲ ಅಪ್ಪ."

"ಸದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದು ಬಿರುಕು ಬಿಟ್ಟಿದ್ದಲ್ಲ, ಕಲ್ಲು ಒಂದಕ್ಕೊಂದು ಒರಗಿದ ಸದ್ದು. ನಾನೀಗ ಈಚೆ ಬಂದ್ರೆ ಈ ಸೇತುವೆ ಮೇಲೆ ಯಾರೂ ಕಾಲಿಡಲ್ಲ." ಅವಳು ಕೈ ಬಿಡಿಸಿಕೊಂಡಳು. "ನಂಗೂ ಭಯ ಆಗ್ತಿದೆ. ನೀನು ಹೋಗು, ಪರ್ವಾಗಿಲ್ಲ. ನಾನೇನೂ ಅಂದ್ಕೊಳಲ್ಲ."

ಸುತ್ತಿಗೆಗಳು ನಿಂತಿದ್ದವು. ದಂಡೆಯಲ್ಲಿ ಜಯಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ತಲೆ ಎತ್ತಿ, ಬಿಡಿಬಿಡಿಯಾಗಿ ಹೊಡೆದ ಹಲಗೆಗಳ ನಡುವಿನಿಂದ ಕಲ್ಲು ನೋಡಿದೆ. ಒಂದೊಂದು ಕಲ್ಲಿನಲ್ಲೂ ಅವಳ ಉಳಿಯ ಗುರುತಿತ್ತು. ಸಂದಿಗಳು ಬಿಗಿಯಾಗಿದ್ದವು. ಎಲ್ಲೂ ಒಂದು ಚೂರೂ ಉದುರಿರಲಿಲ್ಲ. ಇದನ್ನು ಬೇರೆ ಯಾರಾದರೂ ಕಟ್ಟಿದ್ದರೆ ಏನು ಹೇಳುತ್ತಿದ್ದೆ ಎಂದು ನನ್ನನ್ನೇ ಕೇಳಿಕೊಂಡೆ. ಒಳ್ಳೆಯ ಕೆಲಸ ಎಂದೇ ಹೇಳುತ್ತಿದ್ದೆ. ಭಯವೇನೋ ಹೋಗಲಿಲ್ಲ.

"ಸ್ವಲ್ಪ ಆಚೆ ಸರಿ" ಎಂದೆ. "ನಂಗೂ ಜಾಗ ಬೇಕು."

ಇನೆಸ್ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಹಳ್ಳಕ್ಕಿಳಿದು, ತನ್ನ ಹೆಲ್ಮೆಟ್ ತೆಗೆದು ನನ್ನ ತಲೆಗಿಟ್ಟು, ಪಟ್ಟಿ ಬಿಗಿದು ಹೋದಳು. ಅಪ್ಪ ಮಗಳು ಅಂಟಿಕೊಂಡು ನಿಂತೆವು. ಎರಡನೆಯ ಸುತ್ತು. ಮತ್ತೊಂದು ಸದ್ದು, ಮೊದಲಿಗಿಂತ ಸಣ್ಣದು. ಹಲಗೆಗೂ ಕಲ್ಲಿಗೂ ನಡುವೆ ಒಂದು ಕಡೆ ಬೆಳಕಿನ ಗೆರೆ ಮೂಡಿತು. ಮೂರನೆಯ ಸುತ್ತಿನಲ್ಲಿ ಆ ಗೆರೆ ಈ ಬುಡದಿಂದ ಆ ಬುಡದ ತನಕ ಹರಿಯಿತು. ಮರ ಕೆಳಗೆ, ಕಲ್ಲು ಮೇಲೆ. ನಡುವೆ ಬೆಳಕು ಬಿಟ್ಟು ಏನೂ ಇರಲಿಲ್ಲ. ನನಗೆ ಅಳು ಬಂತು. ಮಗಳು ನೋಡಿದರೆ ನೋಡಲಿ ಎಂದು ಅತ್ತೆ.

ಜನ ಚಪ್ಪಾಳೆ ಹೊಡೆದರು. ಇನೆಸ್ ಏನೋ ಹೇಳಿದಳು.

"ನಿಮ್ಮಪ್ಪನಿಗೆ ನಿನ್ ಮೇಲೆ ಎಷ್ಟು ನಂಬಿಕೆ ಅಂತಿದಾರೆ" ಎಂದಳು ಪವಿತ್ರ.

"ಎಳ್ಕೊಂಡ್ ಹೋಗೋಕ್ ಬಂದಿದ್ದೆ ಅಂತ ಹೇಳಮ್ಮ. ಸುಳ್ಳು ಯಾಕೆ?"

ಅವಳು ಹೇಳಲಿಲ್ಲ. ನನ್ನ ಚಪ್ಪಲಿ ಹುಡುಕಿ ತರಲು ಹೋದಳು.

ಮಧ್ಯಾಹ್ನ ಕಲ್ಲಿನ ಮೇಲೆ ಕೂತು ಮುನಿಶಾಮಣ್ಣನಿಗೆ ಫೋನು ಹಚ್ಚಿದೆ. ಊರಲ್ಲಿ ಆಗ ಸಂಜೆ. ಡೈರಿಗೆ ಹಾಲು ಹಾಕಿ ಬರುತ್ತಿದ್ದರು.

"ಅಣ್ಣ, ಕಬ್ಬಿಣ ಬೇಡ. ಕಲ್ಲು. ಪವಿತ್ರನೇ ಕಟ್ತಾಳೆ."

"ಏನಪ್ಪಾ ಹಿಂಗಂತೀಯ! ಹೋಗೋವಾಗ ಬೇರೆ ಥರ ಇದ್ದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಹೆಣ್ಮಗು ಕಣೋ, ನಾಳೆ ಜನ ನಾನಾ ಮಾತಾಡ್ತಾರೆ. ಬಿದ್ರೆ ಏನ್ ಗತಿ?" ಎಂದರು.

"ಬೆಣೆ ತೆಗೆಯೋ ದಿನ ಅದ್ರ ಕೆಳಗೆ ನಾನು, ನನ್ ಮಗಳು ನಿಂತಿರ್ತೀವಿ" ಎಂದೆ. "ನೀವೂ ಬರೋದಾದ್ರೆ ಬನ್ನಿ ಅಣ್ಣ, ಸರ್ಕೊಂಡು ಜಾಗ ಮಾಡ್ಕೊಡ್ತೀವಿ."